ಯಾರಿಗಾದರೂ ಹೊಳೆಯುವಂಥದ್ದು

ಬಿಳಿ ಅಂಗಿ ಹಾಕಿಕೊಂಡರೆ ಆಪರೇಷನ್ನಿಗೆ ಹೊರಟವರ ಹಾಗೆ ಕಾಣ್ತೀರಿ, ನೀಲೀದು ಹಾಕ್ಕೊಳ್ಳಿ ಎಂದು ಹೆಂಡತಿ ಹೇಳುವಷ್ಟರಲ್ಲಿ ಅವನು ಬಿಳಿ ಅಂಗಿಯ ಗುಂಡಿಗಳನ್ನೆಲ್ಲ ಹಾಕಿ ಮುಗಿಸಿದ್ದ. ಮತ್ತೆ ಬಿಚ್ಚತೊಡಗಿದ. ಮುಖ ಅವಳಿಗೆ ಕಾಣಬಾರದೆಂದು ಬೀರುವಿನ ಕಡೆ ತಿರುಗಿ ನಿಂತ. "ನೀವೇನು ಕಳ್ಳತನ ಮಾಡಿದ್ದೀರಾ? ಆ ಇನ್ನೊಂದು ಕಂಪನಿಯವರಿಗೆ ಹೊಟ್ಟೆಕಿಚ್ಚು, ನಿಮ್ಮ ಪೇಟೆಂಟ್ ರದ್ದು ಮಾಡಿ ಅಂತ ಹೋಗಿದ್ದಾರೆ. ಇವತ್ತು ವಿಚಾರಣೆ. ಕೇಳಿದ್ದಕ್ಕೆ ಹೇಳಿ ಬನ್ನಿ. ಗೆದ್ರೂ ಕಂಪನಿದು, ಸೋತ್ರೂ ಕಂಪನಿದು. ನಿಮ್ಮ ಗಂಟೇನು ಹೋಗತ್ತೆ?" ಎಂದು ಅವಳು ಇಸ್ತ್ರಿ ಪೆಟ್ಟಿಗೆಯನ್ನು ನೀಲಿ ಅಂಗಿಯ ಕಾಲರಿನ ಮೇಲೆ ಒತ್ತಿದಳು. ಏನು ಹೋಗುತ್ತದೆ ಎಂದು ಅವಳಿಗೆ ಹೇಳಬೇಕೆಂದು ಅವನಿಗನ್ನಿಸಿತು. ಬಾಯಿ ತೆರೆದರೆ ಅದು ಅವಳ ಕಿವಿಗೆ ಹುಚ್ಚಿನ ಹಾಗೆ ಕೇಳಿಸುತ್ತದೆಂದು ನೀಲಿ ಅಂಗಿಗೆ ಕೈ ಚಾಚಿದ.

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸೋತರೆ ಅವನ ಕೆಲಸಕ್ಕೇನೂ ಕುತ್ತು ಬರುತ್ತಿರಲಿಲ್ಲ. ಅವನ ಕೆಲಸದ ಮೇಲೆ ಯಾರಿಗೂ ಅಷ್ಟೊಂದು ಗಮನವೇ ಇರಲಿಲ್ಲ. ಲೋಹ ಕಡೆಯುವ, ಕೊರೆಯುವ ದೊಡ್ಡ ಯಂತ್ರಗಳನ್ನು ಮಾಡುವ ಆ ಕಾರ್ಖಾನೆಯಲ್ಲಿ ಯಂತ್ರದ ಒಳಗಿನ ನಕ್ಷೆ ಬರೆಯುವ ಎಂಜಿನಿಯರುಗಳು ಬೇರೆ. ಇವನು ಅದರ ಸುತ್ತಲಿನ ಡಬ್ಬ ಬರೆಯುವವನು. ಚೂರುಗಳು, ಕಿಡಿ, ತಣಿಸುವ ಎಣ್ಣೆನೀರು ಹೊರಗೆ ಚಿಮ್ಮದ ಹಾಗೆ ತಗಡಿನ ಗೋಡೆ, ಜಾರುವ ಬಾಗಿಲು, ಒಳಗೆ ಏನಾಗುತ್ತಿದೆ ಎಂದು ನೋಡಲು ಒಂದು ಕಿಟಕಿ. ಊಟದ ಹಾಲಿನಲ್ಲಿ ಅವನ ವಿಭಾಗಕ್ಕೆ ಸೊಳ್ಳೆಪರದೆ ಇಲಾಖೆ ಎಂದು ಹೆಸರು, ಅವನಿಗೆ ಡಬ್ಬಿ ಮೇಷ್ಟ್ರು ಎಂದು. "ಏನ್ ಡಬ್ಬಿ ಮೇಷ್ಟ್ರೇ, ಮುಚ್ಚಳ ಸರಿಯಾಗಿ ಕೂತಿತಾ?" ಎಂದು ಕೇಳಿದರೆ ಎಲ್ಲರಿಗಿಂತ ಮೊದಲು ಅವನೇ ನಗುತ್ತಿದ್ದ. ತಾನೇ ಮೊದಲು ನಕ್ಕರೆ ನೋವು ಕಡಿಮೆ ಎಂಬುದನ್ನು ಶಾಲೆಯಲ್ಲೇ ಕಲಿತಿದ್ದ. ಅವನು ಮಾಡಿದ ಹೊಸ ಕಿಟಕಿಗೆ ಪೇಟೆಂಟ್ ಬಂದ ದಿನ ಅದೇ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಆಗ ನಗು ಬಂದಿರಲಿಲ್ಲ; ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು, ಅತ್ತಿದ್ದ. ಸಂತೋಷಕ್ಕೆ ಅತ್ತಿದ್ದೆಂದು ಹೊರಗಿನವರು ತಿಳಿದರು. ಅವನು ಅತ್ತದ್ದು ಬಿಡುಗಡೆಗೆ. ಸರಕಾರವೇ ಮೊಹರು ಒತ್ತಿ ಹೇಳಿತ್ತು: ಇದು ಹೊಸದು, ಈ ಕಸುಬಿನವರಿಗೆ ಸಹಜವಾಗಿ ಹೊಳೆಯುವಂಥದ್ದಲ್ಲ. ಹೊಳೆಯುವಂಥದ್ದಲ್ಲ ಎಂದ ಮೇಲೆ ಅವನಿಗೆ ಮೊದಲೇ ಹೊಳೆಯದೆ ಇದ್ದದ್ದು ತಪ್ಪಲ್ಲ. ಭಾವ, ಅಕ್ಕನ ಗಂಡ, ಕಣ್ಣು ಕಳೆದುಕೊಂಡದ್ದಕ್ಕೆ ಅವನು ಹೊಣೆಯಲ್ಲ.

ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಂತೇ ಇದ್ದ. ಕೂತರೆ ಅಂಗಿ ಮುದುರುತ್ತದೆ. ಭಾವನನ್ನು ಕಾರ್ಖಾನೆಗೆ ಸೇರಿಸಿದ್ದು ಅವನೇ. ಅಕ್ಕ ಕೇಳಿಕೊಂಡದ್ದಲ್ಲ, ಅವನೇ ಮುಂದೆ ಬಿದ್ದು, ಮೇಲಿನವರ ಹತ್ತಿರ ಹಲ್ಲು ಗಿಂಜಿ, ಒಳ್ಳೆಯ ಕೈ, ಎಲ್ಲೂ ಸಿಗೋದಿಲ್ಲ ಎಂದು ಹೇಳಿ ಸೇರಿಸಿದ್ದ. ಒಳ್ಳೆಯ ಕೈ ಎಂಬುದು ನಿಜವೇ ಆಯಿತು. ಭಾವ ನಿಲ್ಲುತ್ತಿದ್ದ ಯಂತ್ರದ ಡಬ್ಬವನ್ನು ಬರೆದವನೂ ಅವನೇ. ಅದರ ಕಿಟಕಿಗೆ ಹಾಕಿದ್ದು ಗಾಜಿನಂತೆ ಕಾಣುವ ಗಟ್ಟಿ ಪ್ಲಾಸ್ಟಿಕ್ ಹಲಗೆ. ಸುತ್ತಿಗೆಯಲ್ಲಿ ಬಡಿದರೂ ಒಡೆಯದು, ಆದರೆ ಎಣ್ಣೆನೀರು ವರ್ಷಗಟ್ಟಲೆ ತಾಗಿದರೆ ಒಳಗಿಂದೊಳಗೇ ಸೋಲುತ್ತದೆ. ಸೋತದ್ದು ಕಣ್ಣಿಗೆ ಕಾಣುವುದಿಲ್ಲ. ಹಳೆಯದೂ ಹೊಸದರ ಹಾಗೇ ಫಳಫಳ. ಅದಕ್ಕೇ ಇಷ್ಟು ಕಾಲಕ್ಕೊಮ್ಮೆ ಬದಲಿಸಿ ಎಂದು ಕೈಪಿಡಿಯಲ್ಲಿ ಬರೆಯುತ್ತಿದ್ದರು, ಯಾರೂ ಬದಲಿಸುತ್ತಿರಲಿಲ್ಲ. ತಿರುಗುವ ಕಟ್ಟರಿನ ಹಲ್ಲೊಂದು ಮುರಿದು, ಸೋತ ಹಲಗೆಯನ್ನು ಸೀಳಿ ಹಾರಿದಾಗ ಭಾವ ಕಿಟಕಿಗೆ ಮುಖ ತಂದು ನೋಡುತ್ತಿದ್ದ. ಕಿಟಕಿ ಇರುವುದೇ ನೋಡುವುದಕ್ಕೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಅಕ್ಕ ಪ್ಲಾಸ್ಟಿಕ್ ಚೀಲದಲ್ಲಿ ಗಂಡನ ಬೂಟುಗಳನ್ನು ಹಿಡಿದು ಕೂತಿದ್ದಳು. ಇವನು ಅವಳ ಎದುರು ಕುಕ್ಕರುಗಾಲಲ್ಲಿ ಕೂತು ಹೇಳಿದ್ದ: "ಅದು ಸೋತಿದೆ ಅಂತ ಯಾರಿಗೂ ಗೊತ್ತಾಗೋ ಹಾಗಿರ್ಲಿಲ್ಲ ಅಕ್ಕಾ. ಯಾರಿಗೂ." ಅಕ್ಕ ಹೂಂ ಎಂದಿದ್ದಳು. ಅಂದಿನಿಂದ ಒಮ್ಮೆಯೂ ಬೈದವಳಲ್ಲ. ಒಮ್ಮೆ ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದನೇನೋ.

ಆಮೇಲೆ, ಒಂದು ಮಧ್ಯಾಹ್ನ, ಅದು ಹೊಳೆಯಿತು. ಒಂದು ಹಲಗೆಯ ಬದಲು ಎರಡು, ನಡುವೆ ಸಣ್ಣ ಸಂದು. ಒಳಗಿನ ಹಲಗೆ ಸೋತು ಕೂದಲಿನಷ್ಟು ಬಿರುಕು ಬಿಟ್ಟರೂ ಎಣ್ಣೆ ಸಂದಿಗೆ ಇಳಿಯುತ್ತದೆ. ಅಲ್ಲಿ ಎಣ್ಣೆ ತಾಗಿದರೆ ಕೆಂಪಗಾಗುವ ಪುಡಿ. ಕಿಟಕಿ ತಾನೇ ಬಾಯಿಬಿಟ್ಟು ಹೇಳುತ್ತದೆ, ನನ್ನ ಕೈಲಾಗುತ್ತಿಲ್ಲ ಎಂದು. ಹೊಳೆದೊಡನೆ ಅವನು ಕಂಪ್ಯೂಟರಿನ ಪರದೆ ಆರಿಸಿ ಎದ್ದುಬಿಟ್ಟ.

ವಿಚಾರಣೆಯ ಕೋಣೆ ತಣ್ಣಗಿತ್ತು. ಎತ್ತರದ ಮೇಜಿನ ಹಿಂದೆ ಮೂವರು; ನಡುವಿನ ಅಧ್ಯಕ್ಷೆಗೆ ನೆಗಡಿ, ಆಗಾಗ ಕರವಸ್ತ್ರದಿಂದ ಮೂಗು ಒತ್ತಿಕೊಳ್ಳುತ್ತಿದ್ದಳು. ಒಂದು ಬದಿಗೆ ಎದುರು ಕಂಪನಿಯ ವಕೀಲ, ಮೆತ್ತಗೆ ಮಾತಾಡುವ, ಯಾರನ್ನು ಕಂಡರೂ ಮದುವೆಮನೆಯಲ್ಲಿ ಸಿಕ್ಕಂತೆ ನಗುವ ಮನುಷ್ಯ. ಇನ್ನೊಂದು ಬದಿಗೆ ಇವನು, ಇವನ ಪಕ್ಕದಲ್ಲಿ ಇವನ ಕಂಪನಿಯ ವಕೀಲೆ. "ಕೇಳಿದಷ್ಟಕ್ಕೇ ಉತ್ತರ ಕೊಡಿ. ಒಂದು ಮಾತು ಜಾಸ್ತಿ ಬೇಡ," ಎಂದು ಅವಳು ಲಿಫ್ಟಿನಲ್ಲೇ ಹೇಳಿದ್ದಳು. ನಗುಮುಖದ ವಕೀಲ ಎರಡು ಹಳೆಯ ದಾಖಲೆಗಳನ್ನು ಎತ್ತಿ ತೋರಿಸಿದ. ಒಂದರಲ್ಲಿ ಯಂತ್ರದ ಕಿಟಕಿಗೆ ಎರಡು ಹಲಗೆ ಅಂಟಿಸಿದ್ದರು. ಇನ್ನೊಂದರಲ್ಲಿ, ನೆಲದಡಿ ಹೂಳುವ ಎಣ್ಣೆ ಟ್ಯಾಂಕಿಗೆ ಎರಡು ಗೋಡೆ. ಒಳಗೋಡೆ ಸೋರಿದರೆ ನಡುವಿನ ಸಂದಿನಲ್ಲಿ ತಿಳಿಯುತ್ತದೆ. "ಇದನ್ನೂ ಅದನ್ನೂ ಜೊತೆಗಿಟ್ಟು ನೋಡಿ, ಮೇಡಂ. ಈ ಕಸುಬಿನ ಒಬ್ಬ ಸಾಧಾರಣ ಮನುಷ್ಯ, ದೊಡ್ಡ ಬುದ್ಧಿವಂತ ಬೇಡ, ಸಾಧಾರಣ ಮನುಷ್ಯ, ತನ್ನ ಎದುರು ಈ ತೊಂದರೆ ಇದ್ದಾಗ ಏನು ಮಾಡ್ತಾನೆ? ಇದನ್ನೇ ಮಾಡ್ತಾನೆ. ಅವನಿಗೆ ಬೇರೇನು ಹೊಳೆಯೋಕೆ ಸಾಧ್ಯ?" ಕಾನೂನಿನಲ್ಲಿ ಅಂಥ ಒಬ್ಬ ಮನುಷ್ಯನಿದ್ದಾನೆಂದು ವಕೀಲೆ ಅವನಿಗೆ ಮೊದಲೇ ವಿವರಿಸಿದ್ದಳು, ಎಲ್ಲೂ ಇಲ್ಲದ, ಆದರೆ ಎಲ್ಲರನ್ನೂ ಅಳೆಯುವ ಮನುಷ್ಯ. ಅವನಿಗೆ ಆ ಸಾಧಾರಣ ಮನುಷ್ಯನ ಮೇಲೆ ಹೊಟ್ಟೆಯುರಿ ಬಂತು. ಅಂದು ಕಾರ್ಖಾನೆಯ ಕುರ್ಚಿಯಲ್ಲಿ ತನ್ನ ಬದಲು ಅವನು ಕೂತಿದ್ದರೆ, ಮಧ್ಯಾಹ್ನದ ಊಟಕ್ಕೆ ಏಳುವ ಮುಂಚೆ ಎರಡನೆಯ ಹಲಗೆ ಬರೆದು ಮುಗಿಸಿ, ಕೈ ತೊಳೆಯಲು ಹೋಗುತ್ತಿದ್ದ. ಹಾಗಾಗಿದ್ದರೆ ಭಾವ ಇವತ್ತಿಗೂ ಪೇಪರ್ ಓದುತ್ತಿದ್ದ.

"ಇನ್ನೊಂದು ಮಾತು," ಎಂದ ನಗುಮುಖದ ವಕೀಲ. "ದೂರ ಯಾಕೆ ಹೋಗ್ಬೇಕು. ಈ ಕೋಣೆಯ ಕಿಟಕಿ ನೋಡಿ." ಎಲ್ಲರೂ ಹಿಂದೆ ತಿರುಗಿದರು. ಚಳಿ ತಡೆಯಲು ಎರಡು ಗಾಜು ಜೋಡಿಸಿದ ದೊಡ್ಡ ಕಿಟಕಿ. ಅದರ ಒಂದು ಮೂಲೆಯಲ್ಲಿ, ಎರಡು ಗಾಜಿನ ನಡುವೆ, ಮಂಜು ಕಟ್ಟಿತ್ತು. ಹೊರಗಿನಿಂದ ಒರೆಸಿದರೂ ಹೋಗದ, ಒಳಗಿನಿಂದ ಒರೆಸಿದರೂ ಹೋಗದ ಬಿಳಿ ಕಲೆ. "ಅಂಚು ಸೋತಿದೆ, ತೇವ ನಡುವೆ ಸೇರಿದೆ. ಸೋತಿದೆ ಅಂತ ನಮಗೆ ಹೇಗೆ ಗೊತ್ತಾಯ್ತು? ಕಾಣ್ತಿದೆ! ಸಫಾಯಿಗೆ ಬರೋ ಹೆಂಗಸಿಗೂ ಗೊತ್ತು ಇದು." "ಅದು ದಾಖಲೆಯಲ್ಲಿಲ್ಲ," ಎಂದಳು ಅಧ್ಯಕ್ಷೆ. ಆದರೆ ಅವಳೂ ಇನ್ನೂ ನೋಡುತ್ತಿದ್ದಳು. ಇವನು ಅದನ್ನು ಒಳಗೆ ಬಂದಾಗಲೇ ನೋಡಿದ್ದ. ಮಬ್ಬು ಕಿಟಕಿ ಎಂದುಕೊಂಡು ಕೂತಿದ್ದ. ಈಗ ಅದು ಬೆಂಕಿಯ ಹಾಗೆ ಕಾಣುತ್ತಿತ್ತು. ಅದರ ಕೆಳಗಿನ ಸಾರ್ವಜನಿಕರ ಬೆಂಚಿನಲ್ಲಿ, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು, ಅಕ್ಕ ಕೂತಿದ್ದಳು. ಯಾವಾಗ ಬಂದಳೋ. ಎಲ್ಲರ ಕಣ್ಣೂ ತನ್ನ ಮೇಲೇ ಬಿದ್ದಿದೆಯೆಂದು ತಿಳಿದು ಮುಜುಗರದಿಂದ ಸೆರಗು ಎಳೆದುಕೊಂಡಳು.

ಅವನ ವಕೀಲೆ ಎದ್ದಳು. ಕಂಡ ಮೇಲೆ ಎಲ್ಲವೂ ಸುಲಭ ಎಂದಳು. ಒಗಟಿನ ಉತ್ತರ ಗೊತ್ತಾದ ಮೇಲೆ ಮಕ್ಕಳೂ ಇದು ನಂಗೆ ಗೊತ್ತಿತ್ತು ಅಂತಾರೆ ಎಂದಳು. ಇಷ್ಟು ವರ್ಷ ಇಷ್ಟು ಕಂಪನಿಗಳು ಯಾಕೆ ಮಾಡಲಿಲ್ಲ? ಚೆನ್ನಾಗಿ ಮಾತಾಡುತ್ತಿದ್ದಳು, ಅವನಿಗೆ ಉಸಿರು ಮರಳಿ ಬರುತ್ತಿತ್ತು. ಆಗ ಅವಳು ಅವನ ಕಡೆ ಕೈ ತೋರಿಸಿದಳು. "ಇವರು ಈ ಕಸುಬಿನಲ್ಲಿ ಸಾಧಾರಣರಲ್ಲ, ನುರಿತವರು. ಇವರ ಸ್ವಂತ ಭಾವ, ಇವರೇ ವಿನ್ಯಾಸ ಮಾಡಿದ ಕಿಟಕಿಯ ಮುಂದೆ ನಿಂತು ಎರಡೂ ಕಣ್ಣು ಕಳೆದುಕೊಂಡರು. ಅಷ್ಟು ಸುಲಭವಾಗಿ ಹೊಳೆಯುವಂಥದ್ದಾಗಿದ್ದರೆ ಇವರು ತಮ್ಮ ಅಕ್ಕನ ಗಂಡನನ್ನು ಅಲ್ಲಿ ನಿಲ್ಲಲು ಬಿಡುತ್ತಿದ್ದರೇ?" ಅದನ್ನು ಹೇಳಲೇ ಎಂದು ವಕೀಲೆ ಅವನನ್ನು ಕೇಳಿರಲಿಲ್ಲ. ಒಂದು ಸಂಜೆ ಕಾಫಿ ಕುಡಿಯುವಾಗ, ಯಾಕಿಷ್ಟು ತಲೆಕೆಡಿಸ್ಕೊಂಡಿದ್ದೀರಿ ಎಂದು ಅವಳು ಕೇಳಿದ್ದಕ್ಕೆ ಅವನು ಹೇಳಿದ್ದ, ಅಷ್ಟೆ. ಈಗ ಭಾವನ ಕಣ್ಣು ಮೇಜಿನ ಮೇಲೆ ದಾಖಲೆಗಳ ಪಕ್ಕದಲ್ಲಿ ಇದ್ದ ಹಾಗಿತ್ತು. ಬೆನ್ನಿನ ಹಿಂದೆ ಅಕ್ಕನ ಕೈಚೀಲದ ಜಿಪ್ಪು ಎಳೆದ ಸದ್ದು ಕೇಳಿಸಿತು. ತಿರುಗುವ ಧೈರ್ಯವಾಗಲಿಲ್ಲ. ಅದಕ್ಕಿಂತ ಹೇಸಿಗೆಯ ಸಂಗತಿಯೆಂದರೆ, ವಕೀಲೆಯ ಮಾತು ಕೆಲಸ ಮಾಡುತ್ತಿದೆಯೇ ಎಂದು ಅವನು ಅಧ್ಯಕ್ಷೆಯ ಮುಖ ನೋಡುತ್ತಿದ್ದ.

ಅಧ್ಯಕ್ಷೆ ಅವನನ್ನೇ ಕೇಳಿದಳು. "ಆ ಘಟನೆಗೆ ಮುಂಚೆ, ಕಿಟಕಿಯ ಹಲಗೆ ಎಣ್ಣೆಯಿಂದ ಸೋಲುತ್ತೆ ಅನ್ನೋದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು."

"ಸೋತದ್ದು ಕಣ್ಣಿಗೆ ಕಾಣೋ ಹಾಗೆ ಮಾಡ್ಬೇಕು ಅಂತ ಆಗ ನಿಮಗೆ ಹೊಳೆದಿತ್ತಾ?"

ಇಲ್ಲ ಎನ್ನಬೇಕಿತ್ತು. ವಕೀಲೆಯ ಮೊಣಕೈ ಅವನ ತೋಳಿಗೆ ತಾಗುವಷ್ಟು ಹತ್ತಿರ ಬಂದಿತ್ತು. ಇಲ್ಲ ಎಂಬುದು ತುಟಿಯ ಮೇಲೇ ಇತ್ತು. ಎಷ್ಟೋ ವರ್ಷದಿಂದ ಅದನ್ನೇ ತನಗೆ ತಾನು ಹೇಳಿಕೊಂಡು ಮಲಗಿದವನು. ಆದರೆ ಹೇಳುವ ಮೊದಲು ಒಮ್ಮೆ ನಿಜಕ್ಕೂ ಹುಡುಕಿ ನೋಡೋಣ ಎಂದು ಆ ದಿನಗಳೊಳಗೆ ಕೈ ಹಾಕಿದ. ನಕ್ಷೆಯ ಪರದೆ, ಕಿಟಕಿಯ ಚೌಕಟ್ಟು, ಹಲಗೆಯ ಗೆರೆ. ಆ ಗೆರೆಯ ಒಳಗೆ ಅವನೇ ಇನ್ನೊಂದು ಗೆರೆ ಎಳೆಯುತ್ತಿರುವುದು ಕಾಣಿಸಿತು. ಎಳೆದು, ತೂಕ ಹೆಚ್ಚಾಗುತ್ತೆ, ಯಾರು ಒಪ್ಪುತ್ತಾರೆ, ಡಬ್ಬಿ ಮೇಷ್ಟ್ರಿಗೆ ಬೇರೆ ಕೆಲಸ ಇಲ್ಲವೇ ಅಂತಾರೆ ಎಂದು ಅಳಿಸುತ್ತಿರುವುದೂ ಕಾಣಿಸಿತು. ಪರದೆಯ ಮೇಲಿನ ಬಿಸಿಲೂ ಕಾಣಿಸಿತು. ಅದು ಮುಂಚೆಯೋ ಆಮೇಲೆಯೋ? ಹೊಳೆದ ಮೇಲೆ ಎಷ್ಟೋ ಸಲ ಎಳೆದು ಅಳಿಸಿದ್ದುಂಟು. ಅದೇ ಒಂದು ಹಿಂದಕ್ಕೆ ಸರಿದು ಅಲ್ಲಿ ಕೂತಿದೆಯೋ? ಹಾಗಿಲ್ಲದೆ ಅದು ಮೊದಲಿಂದ ಅಲ್ಲೇ ಕೂತು, ಇವನು ಬರಲಿ ಎಂದು ಕಾದಿತ್ತೋ? ಮನಸ್ಸಿನಲ್ಲೇ ಭಾವನ ಮುಖ ಮುಟ್ಟಿ ಆಣೆ ಮಾಡಿದವನ ಹಾಗೆ ಹುಡುಕಿದ. ಗೊತ್ತಿಲ್ಲದಿದ್ದ ಕಾಲದ ಅವನು ಎಲ್ಲೂ ಸಿಗಲಿಲ್ಲ. ಎಲ್ಲಿ ನೋಡಿದರೂ ಗೊತ್ತಿರುವ ಅವನೇ ನಿಂತಿದ್ದ.

"ಗೊತ್ತಿಲ್ಲ," ಎಂದ.

"ಅಂದ್ರೆ ಹೊಳೆದಿರಲಿಲ್ಲ ಅಂತ," ಎಂದಳು ವಕೀಲೆ ಬೇಗ.

"ಅಲ್ಲ. ಹೊಳೆದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ."

ನಗುಮುಖದ ವಕೀಲ ಮೊದಲ ಸಲ ನಗದೆ ಅವನನ್ನು ನೋಡಿದ. ತೀರ್ಮಾನಕ್ಕಾಗಿ ಮೂವರೂ ಒಳಗೆ ಎದ್ದು ಹೋದರು.

ಕಾರಿಡಾರಿನಲ್ಲಿ ವಕೀಲೆ ಫೋನು ಹಿಡಿದು ದೂರ ಹೋಗಿ ನಿಂತಳು. ಬೆನ್ನು ನೋಡಿದರೇ ಅವಳ ಸಿಟ್ಟು ತಿಳಿಯುತ್ತಿತ್ತು. ಅಕ್ಕ ಕಾಫಿ ಯಂತ್ರದ ಪಕ್ಕದಲ್ಲಿ ಕಾಗದದ ಲೋಟ ಹಿಡಿದು ನಿಂತಿದ್ದಳು. "ಅವರೇ ಕಳಿಸಿದ್ರು. ಹೋಗಿ ನೋಡ್ಕೊಂಡು ಬಾ, ಅವನೊಬ್ಬನೇ ಇರ್ತಾನೆ ಅಂದ್ರು," ಎಂದಳು. ಆಮೇಲೆ ಲೋಟದೊಳಗೆ ನೋಡುತ್ತ, "ಆ ಹುಡುಗಿ ಅವರ ಕಣ್ಣಿನ ವಿಷಯ ಎತ್ತಿದಳಲ್ಲ. ನೀನು ಹೇಳಿಕೊಟ್ಟದ್ದಾ?"

"ಇಲ್ಲ ಅಕ್ಕಾ. ಆಣೆ."

"ನೀನು ಹೇಳದೆ ಅವಳಿಗೆ ಹೇಗೆ ಗೊತ್ತಾಗತ್ತೆ?"

ಅಕ್ಕನ ತಲೆಗೂದಲ ಬೈತಲೆಯ ಬಳಿ ಪೂರ್ತಿ ಬೆಳ್ಳಗಾಗಿರುವುದು ಈ ಕ್ರೂರ ಬೆಳಕಿನಲ್ಲಿ ಮೊದಲ ಸಲ ಕಂಡಿತು. ಚಿಕ್ಕಂದಿನಲ್ಲಿ ಅವನು ಒಡೆದ ದೀಪದ ಬುರುಡೆಗೆ ತಾನೇ ಒಡೆದೆನೆಂದು ಹೇಳಿ ಅಪ್ಪನ ಕೈಯಲ್ಲಿ ಹೊಡೆತ ತಿಂದವಳು. ಆಗ ಬೆನ್ನು ಒಡ್ಡಿದ ಹಾಗೇ ಈಗಲೂ ನಿಂತಿದ್ದಳು. "ಅಕ್ಕಾ, ನಾನು ಒಳಗೆ ಹೇಳಿದ್ದು..." ಎಂದ. "ಕೇಳಿಸ್ತು," ಎಂದಳು. ಕಾಫಿ ಕುಡಿಯದೆ ಲೋಟವನ್ನು ಕಸದ ಡಬ್ಬಿಗೆ ಹಾಕಿದಳು.

ಬಾಗಿಲು ತೆರೆಯಿತು. ಎಲ್ಲರೂ ಒಳಗೆ ಹೋಗಿ ನಿಂತರು. ಅಧ್ಯಕ್ಷೆ ಮೂಗು ಒತ್ತಿಕೊಂಡು ಓದಿದಳು: ಪೇಟೆಂಟನ್ನು ರದ್ದುಪಡಿಸಲಾಗಿದೆ. ಈ ವಿನ್ಯಾಸ ಆ ಕಸುಬಿನ ಸಾಧಾರಣ ವ್ಯಕ್ತಿಗೆ ಸಹಜವಾಗಿ ಹೊಳೆಯುವಂಥದ್ದು. ಎರಡು ಸಾಲು, ಅಷ್ಟೇ. ಅವನು ಕಾಯುತ್ತ ನಿಂತಿದ್ದ, ಇನ್ನೇನೋ ಓದುತ್ತಾರೆ, ಶಿಕ್ಷೆಯನ್ನು ಓದುತ್ತಾರೆ ಎಂದು. ಅಧ್ಯಕ್ಷೆ ಫೈಲು ಮುಚ್ಚಿ ಹೊರಟೇಹೋದಳು. ಶಿಕ್ಷೆ ಕೊಡುವುದು ಅವಳ ಕೆಲಸವಲ್ಲ. ನಗುಮುಖದ ವಕೀಲ ಬಂದು ಕೈ ಕುಲುಕಿದ. "ಮನಸ್ಸಿಗೆ ಹಚ್ಕೋಬೇಡಿ. ನಾಳೆ ನೀವು ನಮ್ಮ ಕಡೆ ಇದ್ದಿದ್ರೂ ನಾನು ಇದನ್ನೇ ಮಾಡ್ತಿದ್ದೆ. ಕಿಟಕಿ ಮಾತ್ರ ಬಹಳ ಚೆನ್ನಾಗಿದೆ." ಕೈ ಬೆಚ್ಚಗಿತ್ತು. ಅವನು ಥ್ಯಾಂಕ್ಸ್ ಎಂದ. ಅಂದದ್ದಕ್ಕೆ ಆಮೇಲೆ ಮೆಟ್ಟಿಲಿಳಿಯುವ ಉದ್ದಕ್ಕೂ ನಾಚಿದ. ಹೆಂಡತಿಗೆ ಫೋನು ಮಾಡಲು ತೆಗೆದು ಮತ್ತೆ ಜೇಬಿಗಿಟ್ಟ. "ಬಾ ಮನೆಗೆ. ಕಾಯ್ತಿರ್ತಾರೆ," ಎಂದಳು ಅಕ್ಕ, ಬೀದಿಯಲ್ಲಿ, ಅವನ ಮುಖ ನೋಡದೆ.

ಭಾವ ಊಟದ ಮೇಜಿನ ಮುಂದೆ ಕೂತು ಒಗೆದ ಬಟ್ಟೆ ಮಡಚುತ್ತಿದ್ದ. ಅಂಚಿಗೆ ಅಂಚು ಬೆರಳಲ್ಲಿ ಹುಡುಕಿ ಸೇರಿಸಿ, ಅಂಗೈಯಲ್ಲಿ ತೀಡಿ, ಒಂದರ ಮೇಲೊಂದು ಇಡುವುದು. ಹೆಜ್ಜೆಯ ಸದ್ದಿಗೆ ಮುಖ ಎತ್ತಿದ. ಎಂದಿನಂತೆ ಆ ಮುಖ ಅವನ ಭುಜದಾಚೆ ಯಾರನ್ನೋ ನೋಡಿತು. "ಏನಾಯ್ತಪ್ಪಾ?"

"ರದ್ದು ಮಾಡಿದ್ರು, ಭಾವ."

"ಅಯ್ಯೋ ಪಾಪ. ಯಾಕಂತೆ?"

ಅಕ್ಕ ಅಡಿಗೆಮನೆಗೆ ಹೋಗಿದ್ದಳು. ನಲ್ಲಿ ಸುರಿಯುತ್ತಿತ್ತು. "ಅದರಲ್ಲಿ ಅಂಥದ್ದೇನೂ ಇಲ್ಲ ಅಂದ್ರು," ಎಂದ.

"ಅಂಥದ್ದೇನೂ ಇಲ್ಲ ಅಂದ್ರೆ? ಅಷ್ಟಕ್ಕೂ ಏನದು? ಎಲ್ಲರೂ ಕಿಟಕಿ ಕಿಟಕಿ ಅಂತೀರಿ, ನನಗೆ ಒಬ್ಬರೂ ಬಿಡಿಸಿ ಹೇಳಿಲ್ಲ. ನಾನೂ ಕೇಳಿಲ್ಲ ಅನ್ನು. ಕೇಳಿದ್ರೆ ನಿನಗೆ ಬೇಜಾರಾಗತ್ತೇನೋ ಅಂತ. ಈಗ ಹೇಗೂ ಹೋಯ್ತಲ್ಲ, ಹೇಳು ನೋಡೋಣ."

"ಬೇಡ ಭಾವ."

"ಹೇಳಯ್ಯಾ. ನಾನೇನು ಕಂಪನಿ ಗುಟ್ಟು ಮಾರ್ಕೋತೀನಾ?" ಭಾವ ನಕ್ಕ. ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿ, ಎರಡೂ ಕೈಗಳನ್ನು ಮೇಜಿನ ಮೇಲೆ ಅಂಗಾತ ಇಟ್ಟು ಕಾದ.

ಬೇರೆ ದಾರಿಯಿರಲಿಲ್ಲ. ಪಕ್ಕದ ಸ್ಟ್ಯಾಂಡಿನಿಂದ ಎರಡು ಸ್ಟೀಲ್ ತಟ್ಟೆಗಳನ್ನು ತೆಗೆದ. ಒಂದನ್ನು ಬೋರಲು ಹಾಕಿ, ಅದರ ಬೆನ್ನ ಮೇಲೆ ಎರಡು ಚಮಚ ಇಟ್ಟು, ಮೇಲೆ ಇನ್ನೊಂದನ್ನು ಇಟ್ಟ. ಬಿದ್ದುಹೋಗದಂತೆ ಕೆಳಗಿನದರ ಅಂಚನ್ನು ಎರಡೂ ಕೈಯಲ್ಲಿ ಹಿಡಿದ. "ಕೆಳಗಿನದು ಯಂತ್ರದ ಕಡೆದು. ಮೇಲಿನದು ನಿಂತವರ ಕಡೆದು. ಬೆರಳು ಹಾಕಿ ನೋಡಿ, ನಡುವೆ ಸಂದು ಇದೆ. ಒಳಗಿನದು ಸೋತು ಬಿರುಕು ಬಿಟ್ರೆ ಎಣ್ಣೆ ಈ ಸಂದಿಗೆ ಬರತ್ತೆ. ಇಲ್ಲೊಂದು ಪುಡಿ ಇರತ್ತೆ. ಎಣ್ಣೆ ತಾಗಿದ್ರೆ ಕೆಂಪಗಾಗತ್ತೆ. ನಿಂತವರು ಅದನ್ನ ನೋಡಿ ಯಂತ್ರ ನಿಲ್ಲಿಸ್ತಾರೆ."

ಭಾವನ ಬೆರಳು ತಟ್ಟೆಗಳ ನಡುವೆ ನಿಧಾನ ಸುತ್ತು ಬಂತು. "ಆಮೇಲೆ?"

"ಆಮೇಲೆ ಏನಿಲ್ಲ. ಕಿಟಕಿ ಬದಲಾಯಿಸ್ತಾರೆ."

"ಇಷ್ಟೇನಾ?" ಎಂದ ಭಾವ.

ಅದರಲ್ಲಿ ಕೊಂಕಿರಲಿಲ್ಲ. ಮುಖ ಅರಳಿತ್ತು. ಯಂತ್ರದ ಯಾವುದೋ ಕೊರಗು ಎಲ್ಲಿದೆಯೆಂದು ಪತ್ತೆ ಹಚ್ಚಿದಾಗ ಅರಳುತ್ತಿದ್ದ ಹಾಗೆ. "ಎಷ್ಟು ಚೆಂದ ಕಣೋ! ಮೋಟರಿಲ್ಲ, ವೈರಿಲ್ಲ, ಏನಿಲ್ಲ. ರದ್ದಾಯ್ತು ಅಂದ್ರೆ ಇನ್ಮೇಲೆ ಯಾರು ಬೇಕಾದ್ರೂ ಹಾಕ್ಕೋಬಹುದು ಅಲ್ವಾ? ಒಳ್ಳೇದೇ ಆಯ್ತು ಬಿಡು. ಒಂದು ಹಲಗೆ, ಒಂದು ಚೂರು ಪುಡಿ. ಇಷ್ಟೇ ಸಾಕಿತ್ತಲ್ಲ..."

ಹೇಳಿದ ಮೇಲೆ ಭಾವನಿಗೂ ಅದು ಕೇಳಿಸಿತು. ಬೆರಳು ಸಂದಿನೊಳಗೇ ನಿಂತಿತು. ಮುಖದ ಮೇಲಿನ ನಗೆ ಹೋಗಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಇದ್ದಲ್ಲೇ ಉಳಿಯಿತು. ಒಳಗೆ ನಲ್ಲಿ ನಿಂತುಹೋಗಿತ್ತು. ಎಂದಾದರೊಂದು ದಿನ ಭಾವ ಕೇಳುತ್ತಾನೆ, ಆಗ ಹೇಳಬೇಕೆಂದು ಅವನು ಎಷ್ಟೋ ಮಾತು ಕೂಡಿಟ್ಟಿದ್ದ. ಬೀಳದಂತೆ ತಟ್ಟೆ ಹಿಡಿದುಕೊಳ್ಳುವುದೊಂದೇ ಈ ಲೋಕದಲ್ಲಿ ತನಗೆ ಉಳಿದಿರುವ ಕೆಲಸವೆಂಬಂತೆ, ಬಿಗಿಯಾಗಿ ಹಿಡಿದಿದ್ದ.

ಅಕ್ಕ ಬಂದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಮೇಲಿನ ತಟ್ಟೆ ಎತ್ತಿದಳು. ಚಮಚಗಳು ಜಾರಿ ಮೇಜಿನ ಮೇಲೆ ಬಿದ್ದವು. ಭಾವ ಬೆರಳನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, ಮಡಚಿಟ್ಟ ಬಟ್ಟೆಯೊಂದನ್ನು ಮತ್ತೆ ಬಿಡಿಸಿ ಮಡಚತೊಡಗಿದ. ಅಕ್ಕ ಕೆಳಗಿನ ತಟ್ಟೆಗೆ ಕೈ ಹಾಕಿ ಎಳೆದಳು. ಅದು ಬರಲಿಲ್ಲ.

"ಬಿಡು," ಎಂದಳು.

ಅವನು ಬಿಡಲಿಲ್ಲ.

"ಬಿಡೋ," ಎಂದಳು ಅಕ್ಕ. "ಅವರು ಹಸ್ಕೊಂಡಿದ್ದಾರೆ."